ದೊಣೆಯ ನೀರು

ತುಮಕೂರಿನಿಂದ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೂ ಎಲ್ಲಿಗೆ ಬಂದೆವು ಅನ್ನುವುದು ನನಗೆ ಗೊತ್ತಾಗುತ್ತದೆ. ಕೊರಟಗೆರೆಯಲ್ಲಿ ಹತ್ತಿದವರು ಕನ್ನಡದಲ್ಲಿ ಸೀಟು ಕೇಳುತ್ತಾರೆ. ಮಧುಗಿರಿಯಲ್ಲಿ ಕಿಟಕಿಯ ಹತ್ತಿರ ಬಂದು ಕೂಗುವ ಕಡ್ಲೇಕಾಯಿ ಹುಡುಗನದೂ ಕನ್ನಡವೇ. ಮಿಡಿಗೇಶಿ ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ ಯಾರೋ ಫೋನೆತ್ತಿ ‘ಆ, ಚೆಪ್ಪು’ ಅನ್ನುತ್ತಾರೆ. ಅಲ್ಲಿಂದ ಮುಂದೆ ಅಂಗಡಿಯ ಬೋರ್ಡು ಕನ್ನಡ, ಅಂಗಡಿಯ ಮುಂದಿನ ಮಾತು ತೆಲುಗು. ನಾನೂ ಅಷ್ಟೇ, ಗೊತ್ತಿಲ್ಲದಂತೆ ಬದಲಾಗಿರುತ್ತೇನೆ. ಟಿಕೆಟ್ ಕೇಳುವಾಗ ಕನ್ನಡದವಳಾಗಿದ್ದವಳು ಇಳಿಯುವಾಗ ತೆಲುಗಿನವಳು.

ಹೋದ ಬೇಸಿಗೆ ರಜೆಯಲ್ಲಿ ಆ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಸಾವಿರ ಪುಟ ಮೀರಿದ ಒಂದು ಪುಸ್ತಕವಿತ್ತು. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’. ಎಂ.ಎ. ತರಗತಿಯಲ್ಲಿ ಆತ್ಮಕಥೆಗಳ ಪಾಠ ನಡೆಯುವಾಗ ಮೇಷ್ಟ್ರು, ಬರೆಯಬೇಕು ಅನ್ನುವ ಆಸೆ ಇರುವವರು ಇದನ್ನು ಒಂದು ಸಲ ಪೂರ್ತಿ ಓದಿ ಅಂದಿದ್ದರು. ಆ ಮಾತು ನನ್ನ ಕಡೆ ನೋಡಿಯೇ ಹೇಳಿದ್ದು ಅಂತ ಆ ಹೊತ್ತಿಗೆ ನನಗನ್ನಿಸಿತ್ತು. ಲೈಬ್ರರಿಯಿಂದ ತೆಗೆದುಕೊಂಡು ಹೊರಟೆ.

ಮನೆಯಲ್ಲಿ ಅವ್ವ ಬಿತ್ತನೆಗೆ ಕಡ್ಲೇಕಾಯಿ ಬಿಡಿಸುತ್ತಾ ಕೂತಿತ್ತು. ಅವ್ವ ಅಂದರೆ ನನಗೆ ಅಜ್ಜಿ. ನಮ್ಮ ಕಡೆಯ ತೆಲುಗಿನಲ್ಲಿ ಹಾಗೆಯೇ ಕರೆಯುವುದು. ಕನ್ನಡ ಶಾಲೆಗೆ ಸೇರಿದ ಹೊಸತರಲ್ಲಿ ಪಾಠದ ‘ಅವ್ವ’ ಮಗುವಿಗೆ ಹಾಲೂಡುವುದನ್ನು ಓದಿ ಬಹಳ ದಿನ ತಬ್ಬಿಬ್ಬಾಗಿದ್ದೆ. ಅವ್ವ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಭಾರ ನೋಡಿ, ಇದರ ಹೆಸರೇನು ಅಂತ ಕೇಳಿತು. ಹೇಳಿದೆ. ಅವ್ವನಿಗೆ ‘ದೋಣಿ’ ‘ದೊಣೆ’ಯಾಗಿ ಕೇಳಿಸಿತು.

ಅದಕ್ಕೆ ದೋಣಿ ಕೇಳಿಸುವುದಾದರೂ ಹೇಗೆ? ನಮ್ಮ ಸೀಮೆಯಲ್ಲಿ ದೋಣಿ ಹಾಯಿಸುವ ಹೊಳೆಯಿಲ್ಲ. ದೊಣೆ ಮಾತ್ರ ಎಲ್ಲ ಬೆಟ್ಟದಲ್ಲೂ ಉಂಟು. ಪಾವಗಡದ ಕೋಟೆಬೆಟ್ಟವಾಗಲಿ, ನಿಡುಗಲ್ಲಾಗಲಿ, ಮಧುಗಿರಿಯ ಆ ಒಂದೇ ಬಂಡೆಯ ಬೆಟ್ಟವಾಗಲಿ, ಮಳೆಗಾಲದಲ್ಲಿ ಕಲ್ಲಿನ ಹೊಂಡಗಳಲ್ಲಿ ನೀರು ನಿಲ್ಲುತ್ತದೆ. ಕೆರೆ ಒಣಗಿ ಬಿರುಕು ಬಿಟ್ಟ ಮೇಲೂ ಕೆಲವು ದೊಣೆಗಳಲ್ಲಿ ತಣ್ಣಗೆ ಉಳಿದಿರುತ್ತದೆ. ಅವ್ವನ ತೆಲುಗಿನಲ್ಲಿ ಅದು ‘ದೊನ’. ‘ದೊಣೆಯಲ್ಲಿ ಇಷ್ಟೊಂದು ನೀರಿತ್ತಾ?’ ಅಂತ ಪುಸ್ತಕದ ದಪ್ಪವನ್ನು ಬೆರಳಲ್ಲಿ ಅಳೆದು ಕೇಳಿತು. ನಾನು ತಿದ್ದಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ದೊಣೆಯ ಪುಸ್ತಕ.

ಮೊದಲ ನೂರಾರು ಪುಟ ನನ್ನನ್ನು ಹೆದರಿಸಿದವು. ಕುವೆಂಪು ಬೆಳೆದ ಕುಪ್ಪಳಿಯ ಆ ಮನೆ, ಹಿಂದೆ ಏರುವ ಕಾಡು, ಎಡೆಬಿಡದ ಮಳೆ, ಜಿಗಣೆ, ಕತ್ತಲೆ. ಇಷ್ಟೆಲ್ಲ ಸುತ್ತ ಇದ್ದವರು ಬರೆಯದೆ ಇನ್ನೇನು ಮಾಡುತ್ತಾರೆ ಅನ್ನಿಸಿತು. ಅದೇ ಮಲೆನಾಡಿನಲ್ಲಿ, ತೀರ್ಥಹಳ್ಳಿಯ ಆಚೆ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ನಮ್ಮಲ್ಲಿ 600 ಮುಟ್ಟಿದರೆ ಅದೇ ಒಳ್ಳೆಯ ವರ್ಷ. ಬರೆಯುವುದಕ್ಕೂ ಒಂದು ಮಳೆ ಲೆಕ್ಕ ಇರುತ್ತದೇನೋ, ನಮ್ಮ ಜಾಲಿಯ ಬೀಳು, ಕಡ್ಲೇಕಾಯಿ ಹೊಲ, ಫ್ಲೋರೈಡ್ ನೀರಿನಿಂದ ಕಲೆಗಟ್ಟಿದ ಹಲ್ಲು, ಇವುಗಳಿಂದ ಸಾವಿರ ಪುಟ ಏಳಲಾರದೇನೋ ಅಂತ ಕುಗ್ಗಿದೆ. ಇದು ಓದುವವಳ ಕುಗ್ಗುವಿಕೆಯಲ್ಲ, ಬರೆಯಬೇಕು ಅಂದುಕೊಂಡವಳದು. ಬರೀ ಓದುವವಳಾಗಿದ್ದರೆ ಆ ಕಾಡಿನಲ್ಲಿ ಸುಖವಾಗಿ ಅಲೆದಾಡಿರುತ್ತಿದ್ದೆ.

ಬರೆಯುವುದು ಹೇಗೆ ಅಂತ ಈ ಪುಸ್ತಕ ಎಲ್ಲೂ ಪಾಠ ಹೇಳುವುದಿಲ್ಲ. ನಾನು ಅದನ್ನೇ ಹುಡುಕುತ್ತಿದ್ದೆ. ಎಷ್ಟು ಗಂಟೆಗೆ ಕೂತರು, ಎಷ್ಟು ಸಲ ತಿದ್ದಿದರು, ಕಾದಂಬರಿಯ ಮೊದಲ ವಾಕ್ಯ ಎಲ್ಲಿಂದ ಬಂತು. ಸಿಕ್ಕಿದ್ದು ಬೇರೆ. ಒಬ್ಬ ಹುಡುಗ ದಿನಚರಿ ಬರೆಯುತ್ತಾನೆ, ಸಿಕ್ಕಿದ್ದನ್ನೆಲ್ಲ ಓದುತ್ತಾನೆ, ಮೈಸೂರಿನಲ್ಲಿ ಒಂಟಿಯಾಗುತ್ತಾನೆ, ರಾಮಕೃಷ್ಣಾಶ್ರಮದ ನೆರಳಿಗೆ ಬರುತ್ತಾನೆ. ಮತ್ತೆ ದಿನಚರಿ, ಮತ್ತೆ ಓದು. ಆ ದಿನಚರಿಯ ಪುಟಗಳೆಷ್ಟೋ ಇಂಗ್ಲಿಷಿನವು. ಅವನ ಮೊದಲ ಪುಸ್ತಕವೂ ಇಂಗ್ಲಿಷ್ ಕವಿತೆಗಳದೇ, 1922ರಲ್ಲಿ ಅಚ್ಚಾದ ‘ಬಿಗಿನರ್ಸ್ ಮ್ಯೂಸ್’. ಆಗ, ಇನ್ನೂ ಕುವೆಂಪು ಆಗದ ಪುಟ್ಟಪ್ಪನವರಿಗೆ ಹದಿನೆಂಟೂ ತುಂಬಿರಲಿಲ್ಲ.

ಮುಂದಿನದು ಕನ್ನಡ ಓದಿದವರಿಗೆಲ್ಲ ಗೊತ್ತಿರುವ ಪ್ರಸಂಗ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಈ ಹುಡುಗ ತನ್ನ ಇಂಗ್ಲಿಷ್ ಕವಿತೆಗಳನ್ನು ಒಯ್ದು ತೋರಿಸುತ್ತಾನೆ. ಮೆಚ್ಚುಗೆ ಸಿಗುತ್ತದೆ ಅಂದುಕೊಂಡರೆ ಆತ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಅಂತ ಕೇಳುತ್ತಾನೆ. ಇಂಥ ಭಾವಗಳಿಗೆ ತಕ್ಕ ಛಂದಸ್ಸು ಕನ್ನಡದಲ್ಲಿ ಇಲ್ಲ ಅನ್ನುವ ಅಳುಕು ಹುಡುಗನಿಗೆ. ತಾಯಿನುಡಿಯಲ್ಲಿ ಬರೆ ಅನ್ನುವ ಬುದ್ಧಿಮಾತು ಹಿಡಿದು ಅವನು ಹಿಂದಿರುಗುತ್ತಾನೆ. ಅಲ್ಲಿಂದ ಅವನ ಕಾವ್ಯದ ನೀರು ಕನ್ನಡದ ಕಾಲುವೆಗೆ ತಿರುಗಿತು.

ಪಿಯುಸಿಯಿಂದಲೂ ಈ ಕಥೆಯನ್ನು ಕೇಳಿ ಚಪ್ಪಾಳೆ ತಟ್ಟಿದವಳು ನಾನು. ನವೆಂಬರ್ ಒಂದರ ಭಾಷಣದಲ್ಲಿ ಒಮ್ಮೆ ನಾನೇ ಹೇಳಿ ಬಹುಮಾನವಾಗಿ ಸ್ಟೀಲ್ ಲೋಟ ತಂದಿದ್ದೆ. ಈ ಸಲ ನಮ್ಮ ಜಗಲಿಯ ಮೇಲೆ, ಅವ್ವನ ಪಕ್ಕದಲ್ಲಿ ಕೂತು ಅದೇ ಪ್ರಸಂಗ ಓದುವಾಗ ಪುಸ್ತಕ ಮುಚ್ಚಿಟ್ಟೆ. ತಾಯಿನುಡಿಯಲ್ಲಿ ಬರೆ ಅಂತ ಆ ದೊರೆ ನನಗೆ ಹೇಳಿದ್ದರೆ ನಾನು ಏನು ಮಾಡಬೇಕಾಗಿತ್ತು? ನನ್ನ ತಾಯಿನುಡಿಯ ಒಂದಕ್ಷರವೂ ನನಗೆ ಬರೆಯಲು ಬಾರದು. ಬರೆಯಲು ಬರುವ ನುಡಿಯಲ್ಲಿ ನನ್ನ ತಾಯಿ ನನ್ನನ್ನು ಒಂದು ದಿನವೂ ಕರೆದವಳಲ್ಲ.

ನಾಲ್ಕನೇ ತರಗತಿಯಲ್ಲಿದ್ದಾಗ ‘ನನ್ನ ತಾಯಿ’ ಅಂತ ಪ್ರಬಂಧ ಬರೆಯಲು ಹೇಳಿದ್ದರು. ‘ನಮ್ಮ ಅಮ್ಮ ಬೆಳಿಗ್ಗೆ ಹೊಲಕ್ಕೆ ಹೋಯಿತು, ಸಂಜೆ ಬಂತು’ ಅಂತ ಬರೆದೆ. ತಿದ್ದಿದವರು ನನ್ನನ್ನು ಎಬ್ಬಿಸಿ ನಿಲ್ಲಿಸಿ, ನಿಮ್ಮಮ್ಮ ಏನು ಎಮ್ಮೆಯಾ ಅಂತ ಕೇಳಿದರು. ಯಾರು, ಎಲ್ಲಿ ಅಂತ ಇಲ್ಲಿ ಬೇಡ. ಕ್ಲಾಸು ನಕ್ಕಿತು. ನಕ್ಕವರಲ್ಲಿ ಅರ್ಧ ಜನರ ಮನೆಮಾತು ನನ್ನದೇ, ಅವರ ಹಾಳೆಯಲ್ಲೂ ಅದೇ ವಾಕ್ಯವಿತ್ತು. ಮನೆಗೆ ಬಂದು ಅಮ್ಮನ ಮುಖ ನೋಡಲು ಆಗಲಿಲ್ಲ. ಏನಾಯಿತು ಅಂತ ಅಮ್ಮ ಕೇಳಿದ್ದೂ ತೆಲುಗಿನಲ್ಲೇ ಅಲ್ಲವೇ, ಉತ್ತರ ಕೊಡಲೂ ನಾಚಿಕೆಯಾಯಿತು.

ಎಷ್ಟೋ ವರ್ಷಗಳ ಮೇಲೆ ಭಾಷಾವಿಜ್ಞಾನದ ಪತ್ರಿಕೆ ಓದುವಾಗ ಆ ತಪ್ಪು ಎಲ್ಲಿಂದ ಬಂತು ಅಂತ ತಿಳಿಯಿತು. ತೆಲುಗಿನ ಏಕವಚನದಲ್ಲಿ ಗಂಡಸಿಗೆ ಒಂದು ಕ್ರಿಯಾರೂಪ, ಉಳಿದಿದ್ದಕ್ಕೆಲ್ಲ ಇನ್ನೊಂದು. ಅಮ್ಮ ವಚ್ಚಿಂದಿ. ಆವು ವಚ್ಚಿಂದಿ. ಬಸ್ಸು ವಚ್ಚಿಂದಿ. ವಾನ ವಚ್ಚಿಂದಿ. ವಾನ ಅಂದರೆ ಮಳೆ. ಕನ್ನಡದಲ್ಲಿ ಅಮ್ಮ ‘ಬಂದಳು’, ಮಳೆ ‘ಬಂತು’. ನಾಲ್ಕನೇ ಕ್ಲಾಸಿನ ಹುಡುಗಿ ತನ್ನ ಮನೆಯ ವ್ಯಾಕರಣವನ್ನು ನಿಷ್ಠೆಯಿಂದ ಕನ್ನಡಕ್ಕೆ ತಂದಿದ್ದಳು, ಅಷ್ಟೆ.

ತೆಲುಗಿನ ಈ ಏರ್ಪಾಡು ನನಗೆ ಪೂರ್ತಿ ಒಪ್ಪಿಗೆ ಅಂತ ಹೇಳಲಾರೆ. ಗಂಡಸಿಗೊಂದು ಪ್ರತ್ಯೇಕ ಮಣೆ ಹಾಕಿ ಹೆಂಗಸನ್ನು ಹಸು ಬಸ್ಸುಗಳ ಸಾಲಿಗೆ ಕೂರಿಸಿದ್ದು ಕಂಡಾಗ ಎದೆಯಲ್ಲಿ ಚುಚ್ಚುತ್ತದೆ. ಕನ್ನಡ ನನಗೆ ಒಂದು ‘ಳು’ ಕೊಟ್ಟಿದೆ. ಬಂದಳು, ಓದಿದಳು, ಬರೆದಳು. ನನ್ನದೇ ಅನ್ನುವಂಥ ಒಂದು ಪ್ರತ್ಯಯ ಸಿಕ್ಕಿದ್ದು ಈ ಭಾಷೆಯಲ್ಲಿ. ಆ ಋಣ ಸಣ್ಣದಲ್ಲ. ಆದರೂ ಮಳೆಗಾಗಿ ಮೂರು ತಿಂಗಳು ಆಕಾಶ ನೋಡುವ ಊರಿನಲ್ಲಿ ಅಮ್ಮನಿಗೂ ಮಳೆಗೂ ಒಂದೇ ಕ್ರಿಯಾಪದ ಇರುವುದು ಅವಮಾನ ಅಂತ ನನ್ನ ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ಮಾತು. ಹಾಸ್ಟೆಲ್ಲಿನಲ್ಲಿ ನನ್ನ ರೂಮಿನ ಹುಡುಗಿ ಕೊರಟಗೆರೆ ಕಡೆಯವಳು, ಏಳು ತಲೆಮಾರಿನಿಂದ ಕನ್ನಡದ ಮನೆ. ಒಂದು ದಿನ ಫೋನಿನಲ್ಲಿ ‘ಅಜ್ಜಿ ಊರಿಂದ ಬಂತಾ?’ ಅಂತ ಕೇಳಿದಳು. ನಾನು ಓದುತ್ತಿದ್ದುದನ್ನು ಬಿಟ್ಟು ಅವಳ ಬಾಯನ್ನೇ ನೋಡಿದೆ. ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದ ಆ ‘ತು’ ಅಚ್ಚಗನ್ನಡದ ಬಾಯಲ್ಲೂ ಅಜ್ಜಿಯ ಮೇಲಿನ ಅಕ್ಕರೆಯಾಗಿ ಉಳಿದಿತ್ತು.

ಬೇರೆ ಮನೆಮಾತಿನಿಂದ ಕನ್ನಡಕ್ಕೆ ಬಂದವಳು ನಾನೊಬ್ಬಳೇ ಅಲ್ಲ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರ ಮನೆಯಲ್ಲಿ ತಮಿಳು. ಕಾರ್ನಾಡರದು ಕೊಂಕಣಿ, ನಿಸಾರ್ ಅಹಮದ್ ಅವರದು ಉರ್ದು. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಮೂರು ಬೇರೆ ಮನೆಮಾತಿನವರ ಕೈಗೆ ಬಂದವು. ನಮ್ಮ ನಿಡುಗಲ್ಲಿನ ಬೆಟ್ಟದಿಂದ ಆಳಿದ ಚೋಳರ ವಿಷಯವೂ ಹಾಗೆಯೇ: ವಂಶ ಹೇಳಿಕೊಳ್ಳುವಾಗ ಕರಿಕಾಲ ಚೋಳನ ಹೆಸರು, ಕಲ್ಲಿನ ಮೇಲೆ ಬರೆಸುವಾಗ ಕನ್ನಡ. ಇದೆಲ್ಲ ಗೊತ್ತಿದ್ದರೆ ಧೈರ್ಯ ಬರುತ್ತದೆ ನಿಜ. ಜಗಲಿಯ ಮೇಲೆ ಅವ್ವನ ಎದುರು ಕೂತಾಗ ಮಾತ್ರ ಆ ಹೆಸರುಗಳು ದೂರದವಾದವು. ಅವರೆಲ್ಲ ದೊಡ್ಡವರು, ದಾಟಿ ಆಗಿದೆ. ನಾನಿನ್ನೂ ಏರಿಯ ಮೇಲೆ ನಿಂತಿದ್ದೆ.

‘ಪುಸ್ತಕ ಯಾಕೆ ಮುಚ್ಚಿದೆ? ಅದರಲ್ಲೇನಿದೆ, ನನಗೂ ಹೇಳು’ ಅಂದಿತು ಅವ್ವ.

ಹಾಗೆ ಶುರುವಾಯಿತು. ದಿನಾ ಮಧ್ಯಾಹ್ನ ಉಂಡ ಮೇಲೆ ನಾನು ಕನ್ನಡದಲ್ಲಿ ಓದಿಕೊಂಡು ತೆಲುಗಿನಲ್ಲಿ ಹೇಳುವುದು, ಅವ್ವ ಕಾಯಿ ಬಿಡಿಸುತ್ತಾ ಕೇಳುವುದು. ಅನುವಾದ ಅನ್ನುವಷ್ಟು ದೊಡ್ಡ ಕೆಲಸವೇನಲ್ಲ ಅದು. ಆದರೂ ಮೊದಲ ದಿನವೇ ಸೋತೆ. ಮಲೆನಾಡಿನ ಮಳೆಗೆ ಎಷ್ಟು ಬಗೆ, ಎಷ್ಟು ಹೆಸರು! ಸೋನೆ ಅಂದರೇನು ಅಂತ ಹೇಳಲು ಅವ್ವನ ತೆಲುಗಿನಲ್ಲಿ ನನಗೆ ಮಾತು ಸಿಗಲಿಲ್ಲ. ‘ದಿನವಿಡೀ ಸಣ್ಣಗೆ ಬೀಳುತ್ತಲೇ ಇರುವ ಮಳೆ’ ಅಂದೆ. ‘ದಿನವಿಡೀನಾ?’ ಅಂತ ಅವ್ವ ಕೈಯಲ್ಲಿದ್ದ ಕಾಯನ್ನು ಹಾಗೆಯೇ ಹಿಡಿದುಕೊಂಡಿತು. ಅದಕ್ಕೆ ಬರದ ಹೆಸರುಗಳು ಗೊತ್ತಿದ್ದವು. ಬಿತ್ತಿದ ಮೇಲೆ ಕೈಕೊಟ್ಟ ವರ್ಷ, ಹೂ ಕಟ್ಟುವಾಗ ಕೈಕೊಟ್ಟ ವರ್ಷ, ಕೀಳುವಾಗ ಸುರಿದು ಕಾಯಿ ಹೊಲದಲ್ಲೇ ಮೊಳೆತ ವರ್ಷ, ಒಂದೊಂದನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಆ ಮಾತುಗಳಿಗೆ ಕನ್ನಡದಲ್ಲಿ ಸಾಟಿ ಹುಡುಕಿದರೆ ಅಲ್ಲಿಯೂ ನಾನು ಬರಿಗೈ. ಎರಡು ಭಾಷೆ ಗೊತ್ತು ಅಂದುಕೊಂಡಿದ್ದವಳಿಗೆ ಎರಡರಲ್ಲೂ ಎಷ್ಟು ಕಡಿಮೆ ಗೊತ್ತು ಅನ್ನುವುದು ಆ ಮಧ್ಯಾಹ್ನಗಳಲ್ಲಿ ತಿಳಿಯಿತು.

ಆ ಮಾತುಗಳು ಸವೆಯುತ್ತಿರುವುದೂ ಆಗಲೇ ಕಣ್ಣಿಗೆ ಬಿತ್ತು. ತಿರುಮಣಿ ಕಡೆ ನಮ್ಮ ಮಾಮನ ಹೊಲ ಸೋಲಾರ್ ಪಾರ್ಕಿಗೆ ಹೋಗಿದೆ. ಐದು ಊರಿನ ಸುಮಾರು 13,000 ಎಕರೆಯ ಮೇಲೆ ಗಾಜಿನ ಹಲಗೆಗಳು, 2050 ಮೆಗಾವ್ಯಾಟ್ ವಿದ್ಯುತ್ತು. ಹೊಲ ಮಾರಿದ್ದಲ್ಲ, 28 ವರ್ಷದ ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಏರುತ್ತಾ ಹೋಗುತ್ತದೆ. ಮಳೆ ನಂಬಿ ಸಾಲ ಮಾಡುತ್ತಿದ್ದ ಮಾಮನಿಗೆ ಅದು ನೆಮ್ಮದಿ ತಂದಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾಮನ ಮಗನಿಗೆ ಕೂರಿಗೆ ಅಂದರೆ ಗೊತ್ತಿಲ್ಲ, ಗೊರ್ರು ಅಂದರೂ ಗೊತ್ತಿಲ್ಲ. ಕುಂಟೆಯೂ ಇಲ್ಲ, ಗುಂಟಕವೂ ಇಲ್ಲ. ಹೊಲ ಹೋದಾಗ ಕನ್ನಡದ ಮಾತೂ ತೆಲುಗಿನ ಮಾತೂ ಒಟ್ಟಿಗೆ ಹೋದವು. ಇವನ್ನು ಯಾರು, ಯಾವ ಭಾಷೆಯಲ್ಲಿ ಬರೆದಿಡಬೇಕು ಅನ್ನುವ ಪ್ರಶ್ನೆ ಮನಸ್ಸಿಗೆ ಬಂದಾಗ, ನನ್ನ ತಾಯಿನುಡಿ ಯಾವುದು ಅನ್ನುವ ಪ್ರಶ್ನೆ ಮೊದಲಿನಷ್ಟು ದೊಡ್ಡದಾಗಿ ಕಾಣಲಿಲ್ಲ.

ಕಸಿನ್ಸ್ ಪ್ರಸಂಗವನ್ನು ಅವ್ವನಿಗೆ ಹೇಳುವ ದಿನ ಬಂತು. ಹೇಳಿದೆ. ಅವ್ವ ಕೇಳಿತು: ‘ಆ ದೊರೆ ತನ್ನ ಅಮ್ಮನ ಮಾತಿನಲ್ಲೇ ಬರೆಯುತ್ತಿದ್ದನಾ?’

ಇಷ್ಟು ವರ್ಷ ಈ ಕಥೆ ಕೇಳಿದ ನನಗೆ ಇದು ಹೊಳೆದಿರಲಿಲ್ಲ. ಐರ್ಲೆಂಡಿಗೆ ತನ್ನದೇ ಹಳೆಯ ನುಡಿಯುಂಟು, ಐರಿಷ್. ಕಸಿನ್ಸ್ ಹುಟ್ಟಿದ್ದು 1873ರಲ್ಲಿ, ಬೆಲ್‌ಫಾಸ್ಟ್ ಪಟ್ಟಣದಲ್ಲಿ. ಆ ಹೊತ್ತಿಗಾಗಲೇ ಅಲ್ಲಿ ಮನೆಮನೆಯ ಮಾತು ಇಂಗ್ಲಿಷಾಗಿತ್ತು. ಕವಿತೆ ಬರೆದದ್ದೂ ಅದರಲ್ಲೇ. ಅಮ್ಮನ ಮಾತು ಇಂಗ್ಲಿಷು, ಮುತ್ತಜ್ಜಿಯರ ನೆಲದ ಮಾತು ಇನ್ನೊಂದು. ಆತ ಪುಟ್ಟಪ್ಪನವರಿಗೆ ಆ ಮಾತು ಹೇಳುವಾಗ ಒಳಗೆ ಎಲ್ಲೋ ಈ ಎರಡು ದಡಗಳ ನೆನಪು ಇದ್ದಿರಬಹುದು ಅಂತ ನನಗೀಗ ಅನ್ನಿಸುತ್ತದೆ. ಹಾಗೆ ನೋಡಿದರೆ ಅದು ಗೆದ್ದವನ ಉಪದೇಶದಂತಲ್ಲ, ಏನನ್ನೋ ಕಳೆದುಕೊಂಡ ಸೀಮೆಯವನ ಕಾಳಜಿಯಂತೆ ಕೇಳಿಸುತ್ತದೆ.

ಅವರ ವಿಷಯ ಹುಡುಕುತ್ತಾ ಹೋದರೆ ಇನ್ನೊಂದು ಸಿಕ್ಕಿತು. 1915ರಲ್ಲಿ ಭಾರತಕ್ಕೆ ಬಂದ ಕಸಿನ್ಸ್ ಮದನಪಲ್ಲಿಯ ಥಿಯೊಸಾಫಿಕಲ್ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದರು. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಟಾಗೋರರು ಅಲ್ಲಿಗೆ ಬಂದು ಉಳಿದಿದ್ದಾಗಲೇ ‘ಜನ ಗಣ ಮನ’ವನ್ನು ಇಂಗ್ಲಿಷಿಗೆ ತಂದದ್ದು. ಮದನಪಲ್ಲಿ ಅಂದ ತಕ್ಷಣ ಅವ್ವನ ಮುಖ ಅರಳಿತು. ‘ನಮ್ಮ ಟಮೋಟಾ ಹೋಗುವ ಮಂಡಿ!’ ಅಂದಿತು. ಹೌದು, ಅದೇ ಮದನಪಲ್ಲಿ. ನಾಯನ, ಅಂದರೆ ನಮ್ಮ ಅಪ್ಪ, ಎಷ್ಟೋ ಸಲ ರಾತ್ರಿ ಲಾರಿಯಲ್ಲಿ ಟಮೋಟಾ ಕ್ರೇಟು ಏರಿಸಿಕೊಂಡು ಹೋಗಿ ಬಂದ ಊರು. ರಾಯಲಸೀಮೆಯ ತೆಲುಗು ಕೇಳುತ್ತಾ ಪಾಠ ಹೇಳಿದ ಮನುಷ್ಯ ಮೈಸೂರಿಗೆ ಬಂದು ಮಲೆನಾಡಿನ ಹುಡುಗನನ್ನು ಕನ್ನಡದ ಕಡೆ ತಿರುಗಿಸಿದ.

ಆ ಹುಡುಗನ ಕೈ ಹಿಡಿದ ಇನ್ನೊಬ್ಬರು ಟಿ.ಎಸ್. ವೆಂಕಣ್ಣಯ್ಯನವರು. ಅವರ ಊರು ತಳುಕು, ಚಳ್ಳಕೆರೆ ತಾಲ್ಲೂಕು, ನಮ್ಮ ಪಕ್ಕದ್ದೇ, ನಮ್ಮಷ್ಟೇ ಒಣಗಿದ್ದು. ಮಹಾರಾಜ ಕಾಲೇಜಿನ ಆ ಎತ್ತರದ ಮೇಷ್ಟ್ರ ಶಿಷ್ಯನಾಗಿ ಪುಟ್ಟಪ್ಪನವರು ಕನ್ನಡ ಎಂ.ಎ. ಮುಗಿಸಿ 1929ರಲ್ಲಿ ಅಲ್ಲಿಯೇ ಅಧ್ಯಾಪಕರಾದರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಶಿಷ್ಯ ಅರ್ಪಿಸಿದ್ದು ಆ ಗುರುವಿಗೆ. ಮದನಪಲ್ಲಿ ಒಂದು ಕಡೆ, ತಳುಕು ಇನ್ನೊಂದು ಕಡೆ, ನಡುವೆ ನಮ್ಮ ಪಾವಗಡ. ಮೂರರಲ್ಲೂ ಮಳೆ ಕಡಿಮೆ. ಮೊದಲ ವಾರ ಕುಪ್ಪಳಿಯ ಮಳೆ ಓದಿ ಕುಗ್ಗಿದ್ದ ನಾನು ಈ ಎರಡು ಹೆಸರುಗಳನ್ನು ನೋಟ್ ಬುಕ್ಕಿನಲ್ಲಿ ಬರೆದು, ಕೆಳಗೆ ಗೆರೆ ಎಳೆದೆ.

ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಯಾವುದು ಅಂದರೆ, ಆ ಇಂಗ್ಲಿಷ್ ಪುಟಗಳು. ಆತ್ಮಕಥೆ ಹೊರಬಂದದ್ದು 1980ರಲ್ಲಿ. ಆ ಹೊತ್ತಿಗೆ ಅವರು ಎಂಥ ಕವಿ! ಜ್ಞಾನಪೀಠ ಬಂದು ಹದಿಮೂರು ವರ್ಷ. ಕನ್ನಡದ ಹೆಮ್ಮೆ ಅಂದರೆ ಅವರ ಹೆಸರೇ. ಎಳೆಯ ವಯಸ್ಸಿನ ಇಂಗ್ಲಿಷ್ ದಿನಚರಿಯನ್ನು ಬಚ್ಚಿಡಬಹುದಿತ್ತು, ಇಲ್ಲವೇ ಅಷ್ಟನ್ನೂ ಕನ್ನಡಿಸಿ ಗುರುತು ಸಿಗದ ಹಾಗೆ ಮಾಡಬಹುದಿತ್ತು. ಹಾಗೆ ಮಾಡದೆ ಅದನ್ನು ಇದ್ದಹಾಗೆಯೇ ಪುಸ್ತಕಕ್ಕೆ ಸೇರಿಸಿದರು. ಬಿಟ್ಟುಬಂದ ಭಾಷೆಯೂ ತನ್ನ ಜೀವನದಲ್ಲಿ ನಡೆದದ್ದೇ ಅನ್ನುವ ಪ್ರಾಮಾಣಿಕತೆ ಅದು. ತಾಯಿನುಡಿಯಲ್ಲಿ ಬರೆ ಅನ್ನುವ ಮಾತಿಗಿಂತ ಇದು ನನ್ನನ್ನು ಹಿಡಿದು ನಿಲ್ಲಿಸಿತು. ನಾನು ಇಷ್ಟು ದಿನ ಕನ್ನಡದಲ್ಲಿ ಬರೆಯುವುದು ಅಂದರೆ ತೆಲುಗಿನ ವಾಸನೆಯನ್ನು ಉಜ್ಜಿ ಉಜ್ಜಿ ತೊಳೆಯುವುದು ಅಂದುಕೊಂಡಿದ್ದೆ. ಎಂ.ಎ. ಪ್ರಬಂಧಗಳಲ್ಲಿ ಒಂದು ‘ಬಂತು’ ತಪ್ಪಿ ಬರದಂತೆ ನಾಲ್ಕು ಸಲ ಓದುತ್ತಿದ್ದೆ. ನನ್ನ ವಾಕ್ಯಗಳು ಶುದ್ಧವಾಗಿದ್ದವು. ಅವುಗಳಲ್ಲಿ ನಮ್ಮ ಮನೆಯವರು ಯಾರೂ ಇರಲಿಲ್ಲ.

ರಜೆ ಮುಗಿಯಲು ನಾಲ್ಕು ದಿನ ಇರುವಾಗ ಒಂದು ಸಂಜೆ ಗುಡುಗು ಬಂತು, ಮಳೆ ಬರಲಿಲ್ಲ. ಅವ್ವ ಮೋಡ ನೋಡುತ್ತಾ ತನ್ನ ಅಮ್ಮನ ಮಾತು ತೆಗೆಯಿತು. ಮಡಕಶಿರಾ ಕಡೆಯ ತವರು, ಬಾವಿ ಬತ್ತಿದ ವರ್ಷ, ಬೆಟ್ಟದ ಮೇಲಿನ ದೊಣೆಯಿಂದ ಬಿಂದಿಗೆಯಲ್ಲಿ ನೀರು ಇಳಿಸುತ್ತಿದ್ದ ಅಮ್ಮ. ‘ಮಾ ಅಮ್ಮ ನೀಳ್ಳಕು ಪೋಯಿಂದಿ’ ಅಂದಿತು. ನೀರಿಗೆ ಹೋಯಿತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಆ ಏಡೇ ಪೋಯಿಂದಿ’ ಅಂದಿತು. ಅದೇ ವರ್ಷ ಹೋಯಿತು. ಮೊದಲನೆಯ ಹೋಗುವುದಕ್ಕೂ ಎರಡನೆಯ ಹೋಗುವುದಕ್ಕೂ ಅವ್ವನ ದನಿಯಲ್ಲಿ ಬಿಟ್ಟರೆ ಬೇರೆ ಗುರುತಿರಲಿಲ್ಲ.

ನಾನು ನೋಟ್ ಬುಕ್ ತೆಗೆದೆ. ಹೋದಳು ಅಂತ ಬರೆದು ನೋಡಿದೆ. ನೀರಿಗೆ ಹೋದವಳು ಬೇರೆ ಯಾರೋ ಆದಳು. ತೀರಿಕೊಂಡಳು ಅಂತ ಬರೆದರೆ ಎರಡು ಮಾತಿನ ನಡುವಿನ ಆ ಮೌನ ಹೋಯಿತು. ಎರಡನ್ನೂ ಹೊಡೆದು ಹಾಕಿದೆ. ‘ನಮ್ಮಮ್ಮ ನೀರಿಗೆ ಹೋಯ್ತು. ಆ ವರ್ಷವೇ ಹೋಯ್ತು.’ ನಾಲ್ಕನೇ ಕ್ಲಾಸಿನಲ್ಲಿ ಕೆಂಪು ಶಾಯಿ ಬಿದ್ದ ಅದೇ ‘ತು’.

ಏನು ಬರೆದೆ, ಓದು ಅಂದಿತು ಅವ್ವ. ಕನ್ನಡದಲ್ಲೇ ಓದಿದೆ, ತೆಲುಗಿಗೆ ತಿರುಗಿಸಲಿಲ್ಲ. ಅವ್ವ ತಲೆ ಓರೆ ಮಾಡಿ ಕೇಳಿ, ‘ಇದಿ ನಾ ಮಾಟೇ ಕದಾ’ ಅಂದಿತು. ಇದು ನನ್ನ ಮಾತೇ ಅಲ್ಲವಾ. ತೆಲುಗಿನಲ್ಲಿ ಮಾಟ ಅಂದರೆ ಮಾತು, ಕನ್ನಡದಲ್ಲಿ ಅದೇ ಪದಕ್ಕೆ ಮಂತ್ರ ಹಾಕುವುದು ಅನ್ನುವ ಅರ್ಥ. ಅವ್ವನಿಗೆ ಅದು ಗೊತ್ತಿಲ್ಲ.

ದೂರದಲ್ಲಿ ಮತ್ತೆ ಒಂದು ಸಲ ಗುಡುಗಿತು. ಅವ್ವ ಮೊರದಲ್ಲಿದ್ದ ಬೀಜವನ್ನು ಒಳಗೆ ಸುರಿದು ಬಂದು, ಗೋಡೆಗೆ ಒರಗಿ ಕೂತು, ದೊಣೆಯ ಪುಸ್ತಕ ತೆಗೆ ಅಂದಿತು. ಆ ಹುಡುಗ ಆಮೇಲೆ ಏನು ಮಾಡಿದ?